ಪಾದರಸದ ಹನಿಯ ಮೇಲೆ ಯಾರು ಕೂತಿದ್ದಾರೆ?

ಬಚ್ಚಲುಮನೆಯಲ್ಲಿರುವ ಶಾಂಪೂ ಬಾಟಲಿಯನ್ನು ತಿರುಗಿಸಿ ಹಿಂಬದಿಯ ಸಣ್ಣ ಅಕ್ಷರಗಳನ್ನು ಓದಿ. ನೀರಿನ ನಂತರ ಬರುವ ಹೆಸರು ಸಾಮಾನ್ಯವಾಗಿ ಸೋಡಿಯಂ ಲಾರೆತ್ ಸಲ್ಫೇಟ್. ಅದರ ಬೆನ್ನಿಗೇ ಕೋಕಮಿಡೊಪ್ರೊಪೈಲ್ ಬೀಟೈನ್ ಇರುತ್ತದೆ. ಎರಡೂ ನೊರೆ ಕೊಡುತ್ತವೆ, ಎರಡೂ ಜಿಡ್ಡು ಬಿಡಿಸುತ್ತವೆ. ಹಾಗಾದರೆ ಒಂದೇ ಸಾಕಿತ್ತಲ್ಲ ಅನ್ನಿಸಬಹುದು. ಸಾಕಾಗುವುದಿಲ್ಲ. ಸಲ್ಫೇಟ್ ಒಂದನ್ನೇ ಹಾಕಿದರೆ ನೊರೆ ಭರ್ತಿ ಬರುತ್ತದೆ, ಆದರೆ ಚರ್ಮ ಉರಿಯುತ್ತದೆ. ಬೀಟೈನ್ ಒಂದನ್ನೇ ಹಾಕಿದರೆ ಖರ್ಚು ಏರುತ್ತದೆ, ನೊರೆ ಸೊರಗುತ್ತದೆ. ಎರಡನ್ನೂ ಕಲಸಿದರೆ ನೊರೆ ನಿಲ್ಲುತ್ತದೆ, ದ್ರವ ಗಟ್ಟಿಯಾಗುತ್ತದೆ, ಉರಿಯೂ ತಗ್ಗುತ್ತದೆ. ಬಟ್ಟೆ ಒಗೆಯುವ ಪುಡಿಯಲ್ಲೂ ಪಾತ್ರೆ ತೊಳೆಯುವ ದ್ರವದಲ್ಲೂ ಇದೇ ಕತೆ. ಅಕ್ಕಸಾಲಿಗರು ಒಡವೆ ತೊಳೆಯಲು ನೆನೆಹಾಕುವ ಅಂಟುವಾಳಕಾಯಿಯ ನೊರೆಯೂ ಒಂದೇ ಪದಾರ್ಥದ್ದಲ್ಲ. ಅದರಲ್ಲಿ ಹಲವು ಬಗೆಯ ಸಪೋನಿನ್‌ಗಳ ಬೆರಕೆಯಿದೆ.

ಇಂಥ ಪದಾರ್ಥಗಳನ್ನು ಸರ್ಫ್ಯಾಕ್ಟೆಂಟ್ ಎನ್ನುತ್ತಾರೆ. ಇವುಗಳ ಅಣುವಿಗೊಂದು ತಲೆ, ಒಂದು ಬಾಲ. ತಲೆಗೆ ನೀರು ಇಷ್ಟ, ಎಣ್ಣೆಯ ಜಾತಿಯ ಬಾಲಕ್ಕೆ ನೀರು ಕಂಡರಾಗದು. ಈ ಇಬ್ಬಂದಿಯಿಂದ ಪಾರಾಗಲು ಅಣುವಿಗೆ ಎರಡು ದಾರಿಗಳಿವೆ. ನೀರು ಮುಗಿದು ಗಾಳಿಯೋ ಎಣ್ಣೆಯೋ ಕೂದಲೋ ಲೋಹವೋ ಶುರುವಾಗುವ ಅಂಚಿಗೆ ಹೋಗಿ ಬಾಲವನ್ನು ಹೊರಚಾಚಿ ನಿಲ್ಲುವುದು ಮೊದಲನೆಯದು. ವಿಜ್ಞಾನದ ಪಠ್ಯದಲ್ಲಿ ಇದಕ್ಕೆ ಅಧಿಶೋಷಣೆ ಎಂಬ ಹೆಸರಿದೆ. ಅಂಚಿನಲ್ಲಿ ಜಾಗ ತೀರಿದರೆ ನೀರೊಳಗೇ ಹತ್ತಾರು ಅಣುಗಳು ಸೇರಿ, ಬಾಲಗಳನ್ನೆಲ್ಲ ಒಳಗೆ ಸೇರಿಸಿಕೊಂಡು ಮಿಸೆಲ್ ಎಂಬ ಉಂಡೆ ಕಟ್ಟುವುದು ಎರಡನೆಯದು. ಪ್ರಯೋಗಾಲಯಗಳ ನೆಚ್ಚಿನ ಸೋಡಿಯಂ ಡೊಡೆಸಿಲ್ ಸಲ್ಫೇಟ್‌ನಲ್ಲಿ (ಮುಂದೆ ಎಸ್‌ಡಿಎಸ್ ಎನ್ನೋಣ) ತಲೆಯ ಮೇಲೆ ಋಣ ವಿದ್ಯುದಂಶವಿದೆ. ಕೋಣೆಯ ಉಷ್ಣತೆಯಲ್ಲಿ ಲೀಟರಿಗೆ ಸುಮಾರು 8 ಮಿಲಿಮೋಲ್, ಅಂದರೆ 2.3 ಗ್ರಾಂ ಆಸುಪಾಸು ಮುಟ್ಟಿದಾಗ ಅದು ಉಂಡೆ ಕಟ್ಟತೊಡಗುತ್ತದೆ. ಸಿಟಿಎಬಿ ಎಂಬುದರ ತಲೆ ಧನ. ಅದು ಇದರ ಒಂಬತ್ತನೇ ಒಂದು ಪಾಲಿಗೇ ಉಂಡೆಯಾಗುತ್ತದೆ. ಟ್ರೈಟಾನ್ ಎಕ್ಸ್-100ರ ತಲೆಗೆ ವಿದ್ಯುದಂಶವೇ ಇಲ್ಲ, ಅದಕ್ಕೆ ಇನ್ನೂ ಕಡಿಮೆ ಸಾಕು.

ಎರಡು ಜಾತಿಗಳು ಒಂದೇ ನೀರಿಗೆ ಬಿದ್ದಾಗ ಏನಾಗುತ್ತದೆ? ಋಣ ತಲೆಗಳು ಪರಸ್ಪರ ದೂಡುತ್ತವೆ, ಆದ್ದರಿಂದ ಎಸ್‌ಡಿಎಸ್ ಒಂದೇ ಇದ್ದರೆ ಅಂಚಿನಲ್ಲಿ ಅಣುಗಳು ಒತ್ತೊತ್ತಾಗಿ ನಿಲ್ಲಲಾರವು. ವಿದ್ಯುದಂಶವಿಲ್ಲದ ಟ್ರೈಟಾನ್ ನಡುವೆ ತೂರಿಕೊಂಡರೆ ತಳ್ಳಾಟ ತಗ್ಗಿ ಸಾಲು ಬಿಗಿಯಾಗುತ್ತದೆ. ಋಣದ ಜೊತೆ ಧನ ತಲೆಯದೇ ಬಂದರಂತೂ ಎರಡೂ ತಬ್ಬಿಕೊಂಡೇ ಬಿಡುತ್ತವೆ. ಸರಿಸಮ ಪ್ರಮಾಣದಲ್ಲಿ ಕಲಸಿದರೆ ಗರಣೆಗಟ್ಟಿ ತಳಕ್ಕೆ ಇಳಿಯುವಷ್ಟು ಗಟ್ಟಿ ಅಪ್ಪುಗೆ. ಶಾಂಪೂವಿಗೂ ಕಂಡಿಷನರಿಗೂ ಬೇರೆ ಬೇರೆ ಬಾಟಲಿ ಇರುವುದು ಬರೀ ವ್ಯಾಪಾರದ ಚಾಲಾಕಿಯಿಂದಲ್ಲ. ಒಂದು ಋಣ, ಇನ್ನೊಂದು ಧನ. ಒಟ್ಟಿಗೆ ಸುರಿದರೆ ಎರಡರ ಕೆಲಸವೂ ಕೆಡುತ್ತದೆ.

ಈ ಸ್ನೇಹವನ್ನು ಒಂದು ಸಂಖ್ಯೆಯಲ್ಲಿ ಹೇಳುವ ಲೆಕ್ಕವೂ ಉಂಟು. ಮಿಸೆಲ್‌ಗಳಿಗೆ ರುಬಿಂಗ್ 1979ರಲ್ಲಿ ಸೂತ್ರ ಕೊಟ್ಟರು. ಅದೇ ಜಾಡಿನಲ್ಲಿ ಬ್ರೂಕ್ಲಿನ್ ಕಾಲೇಜಿನ ಮಿಲ್ಟನ್ ರೋಸೆನ್ ಮತ್ತು ಹುವಾ 1982ರಲ್ಲಿ ಮೇಲ್ಮೈಗೆ ಸೂತ್ರ ಕೊಟ್ಟರು. ಬೀಟಾ ಎಂಬ ಆ ಸಂಖ್ಯೆ ಸೊನ್ನೆಯಾದರೆ ಎರಡು ಜಾತಿಗಳೂ ಪರಸ್ಪರ ನಿರ್ಲಿಪ್ತ. ಸೊನ್ನೆಗಿಂತ ಕೆಳಗಿಳಿದಷ್ಟೂ ಒಲವು ಹೆಚ್ಚು. ಋಣ ಮತ್ತು ವಿದ್ಯುದಂಶವಿಲ್ಲದವುಗಳ ನಡುವೆ ಅದು ಮೈನಸ್ ಎರಡು ಮೂರರ ಸುತ್ತ ಇದ್ದರೆ, ಋಣ ಮತ್ತು ಧನದ ನಡುವೆ ಮೈನಸ್ ಇಪ್ಪತ್ತನ್ನೂ ದಾಟುತ್ತದೆ. ಕಾರ್ಖಾನೆಯವರಿಗೆ ಇದು ಬಲು ಉಪಯುಕ್ತ ಲೆಕ್ಕ. ಆದರೆ ಅದನ್ನು ಮಾಡಲು ದ್ರವದ ಮೇಲ್ಮೈ ಎಳೆತವನ್ನು ಅಳೆಯಬೇಕು. ನೀರಿನ ಮೇಲೆ ಪ್ಲಾಟಿನಂ ಉಂಗುರ ಇಟ್ಟು ಎಳೆದು ನೋಡಬಹುದು. ಉಕ್ಕಿನ ಹಾಳೆಯ ಮೇಲೋ ತಾಮ್ರದ ತಂತಿಯ ಮೇಲೋ ಹಾಗೆ ಎಳೆಯಲು ಸಾಧ್ಯವಿಲ್ಲ. ನೀರೊಳಗೆ ಮುಳುಗಿರುವ ಲೋಹದ ಮೈಮೇಲೆ ಯಾವ ಅಣು ಕೂತಿದೆ, ಎಷ್ಟು ಕೂತಿದೆ, ಕಲಸಿ ಹಾಕಿದ ಎರಡರಲ್ಲಿ ಯಾರಿಗೆ ಹೆಚ್ಚು ಜಾಗ ಸಿಕ್ಕಿದೆ ಎಂದು ತಿಳಿಯಲು ವಿದ್ಯುತ್ತಿನ ಮೊರೆಹೋಗಬೇಕು.

ಅದಕ್ಕೆ ಮೊದಲು ಒಂದು ತಮಾಷೆಯ ಸಂಗತಿ. ಎಸ್‌ಡಿಎಸ್‌ನ ಪ್ರಮಾಣ ಏರಿಸುತ್ತ ಹೋದರೆ ನೀರಿನ ಮೇಲ್ಮೈ ಎಳೆತ ಇಳಿಯುತ್ತ ಹೋಗಿ, ಮಿಸೆಲ್ ಕಟ್ಟುವ ಹಂತದಲ್ಲಿ ನಿಲ್ಲಬೇಕು. ಹಳೆಯ ಅಳತೆಗಳಲ್ಲಿ ಮಾತ್ರ ಆ ಹಂತದ ಹತ್ತಿರ ಗೆರೆ ಒಂದು ಗುಂಡಿಗೆ ಬಿದ್ದು ಮತ್ತೆ ಮೇಲೇರುತ್ತಿತ್ತು. ಮೈಲ್ಸ್ ಮತ್ತು ಶೆಡ್ಲೊವ್‌ಸ್ಕಿ 1944ರಲ್ಲಿ ಇದರ ಗುಟ್ಟು ಬಿಚ್ಚಿದರು. ಕಾರಣ ಎಸ್‌ಡಿಎಸ್ ಆಗಿರಲಿಲ್ಲ, ಅದರಲ್ಲಿದ್ದ ಕಲ್ಮಶ. ಎಸ್‌ಡಿಎಸ್ ನೀರಿನಲ್ಲಿ ನಿಧಾನವಾಗಿ ಒಡೆದು ಡೊಡೆಕನಾಲ್ ಎಂಬ ಮದ್ಯಸಾರವಾಗುತ್ತದೆ. ಸಾವಿರಕ್ಕೊಂದರಷ್ಟು ಇದ್ದರೂ ಅದು ಮೇಲ್ಮೈಗೆ ಧಾವಿಸಿ ಒಡೆಯನಂತೆ ಜಾಗ ಹಿಡಿಯುತ್ತದೆ. ಮಿಸೆಲ್‌ಗಳು ಹುಟ್ಟಿದ ಮೇಲೆ ಅವು ಅದನ್ನು ಹೀರಿಕೊಳ್ಳುತ್ತವೆ, ಆಗ ಗೆರೆ ಮೇಲೇರುತ್ತದೆ. ಅಂದಮೇಲೆ ಶುದ್ಧವೆಂದು ಡಬ್ಬಿಯ ಮೇಲೆ ಬರೆದ ಎಸ್‌ಡಿಎಸ್ ಕೂಡ ಬೆರಕೆಯೇ, ಅಂಚಿಗೆ ಸಂಬಂಧಪಟ್ಟಂತೆ. ಬೆರಕೆಯ ಅಧ್ಯಯನ ಯಾಕೆ ಕಷ್ಟ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ: ಕಾಣದಷ್ಟು ಕಡಿಮೆ ಇರುವವನೇ ಮೇಲ್ಮೈಯನ್ನು ಆಳುತ್ತಾನೆ.

ಇನ್ನು ವಿದ್ಯುತ್ತಿನ ಕತೆ. ಅದು ಶುರುವಾಗುವುದು ಪಾದರಸದಿಂದ. 1870ರ ದಶಕದ ಆರಂಭದಲ್ಲಿ ಗಾಬ್ರಿಯೆಲ್ ಲಿಪ್‌ಮನ್ ಎಂಬ ಫ್ರೆಂಚ್ ತರುಣ ಜರ್ಮನಿಯ ಹೈಡೆಲ್‌ಬರ್ಗ್‌ನಲ್ಲಿದ್ದ. ಅಲ್ಲಿನ ಶರೀರವಿಜ್ಞಾನಿ ಕ್ಯೂನೆ ಅವನಿಗೊಂದು ಆಟ ತೋರಿಸಿದರು. ದುರ್ಬಲ ಆಮ್ಲದಡಿ ಇಟ್ಟ ಪಾದರಸದ ಹನಿಗೆ ಕಬ್ಬಿಣದ ತಂತಿ ತಾಗಿಸಿದರೆ ಹನಿ ಮುದುಡುತ್ತದೆ, ತೆಗೆದರೆ ಅರಳುತ್ತದೆ. ಲಿಪ್‌ಮನ್‌ಗೆ ಆಟದ ಹಿಂದಿನ ನಿಯಮ ಬೇಕಿತ್ತು. ವೋಲ್ಟೇಜ್ ಬದಲಿಸಿದಂತೆ ಪಾದರಸದ ಮೇಲ್ಮೈ ಎಳೆತ ಬದಲಾಗುತ್ತದೆ, ನಕ್ಷೆಯ ಮೇಲೆ ಅದು ಬೋರಲು ಹಾಕಿದ ಬಟ್ಟಲಿನಂತೆ ಕಾಣುತ್ತದೆ ಎಂದು 1875ರ ಹೊತ್ತಿಗೆ ಅವನು ತೋರಿಸಿದ್ದ. ಬಟ್ಟಲಿನ ನೆತ್ತಿಯಲ್ಲಿ ಎಳೆತ ಮೀಟರಿಗೆ ಸುಮಾರು 426 ಮಿಲಿನ್ಯೂಟನ್, ನೀರಿನದಕ್ಕಿಂತ ಆರು ಪಟ್ಟು. ಆ ನೆತ್ತಿಯಲ್ಲಿ ಲೋಹದ ಮೈಮೇಲೆ ಧನವೂ ಇಲ್ಲ, ಋಣವೂ ಇಲ್ಲ. ಇದಕ್ಕಾಗಿ ಅವನು ಕಟ್ಟಿದ ಉಪಕರಣದಿಂದಲೇ 1887ರಲ್ಲಿ ಲಂಡನ್ನಿನಲ್ಲಿ ಆಗಸ್ಟಸ್ ವಾಲರ್ ಮನುಷ್ಯನ ಎದೆಬಡಿತದ ವಿದ್ಯುತ್ತನ್ನು ಮೊದಲ ಬಾರಿ ದಾಖಲಿಸಿದ. ಲಿಪ್‌ಮನ್‌ಗೆ 1908ರಲ್ಲಿ ನೊಬೆಲ್ ಬಂದದ್ದು ಮಾತ್ರ ಬಣ್ಣದ ಛಾಯಾಚಿತ್ರಕ್ಕೆ.

ಪಾದರಸದ ದೊಡ್ಡ ಗುಣವೆಂದರೆ ಅದರ ಮೈ ಅಣುಮಟ್ಟದಲ್ಲೂ ನುಣುಪು. ಗಾಜಿನ ಸೂಕ್ಷ್ಮ ಕೊಳವೆಯಿಂದ ತೊಟ್ಟಿಕ್ಕಿಸಿದರೆ ಕೆಲವು ಸೆಕೆಂಡಿಗೊಮ್ಮೆ ಹೊಚ್ಚಹೊಸ ಮೇಲ್ಮೈ ಸಿಗುತ್ತದೆ, ಉಜ್ಜುವುದೂ ಬೇಡ ತೊಳೆಯುವುದೂ ಬೇಡ. ಪ್ರಾಗ್‌ನ ಬೊಹುಮಿಲ್ ಕುಚೆರಾ 1903ರಲ್ಲಿ ಹೀಗೆ ಬಿದ್ದ ಹನಿಗಳನ್ನು ತೂಗಿ ಮೇಲ್ಮೈ ಎಳೆತ ಲೆಕ್ಕಹಾಕುತ್ತಿದ್ದರು. ಅದೇ ಊರಿನ ಯಾರೊಸ್ಲಾವ್ ಹೆಯ್ರೋವ್‌ಸ್ಕಿ ತೂಗುವುದನ್ನು ಬಿಟ್ಟು ಹನಿಯ ಮೂಲಕ ಹರಿಯುವ ವಿದ್ಯುತ್ತನ್ನೇ ಅಳೆದರು. 1922ರಲ್ಲಿ ಹುಟ್ಟಿದ ಈ ಪೋಲರೋಗ್ರಫಿಗೆ 1959ರಲ್ಲಿ ನೊಬೆಲ್ ಬಂತು. ಸರ್ಫ್ಯಾಕ್ಟೆಂಟ್ ಈ ಕತೆಗೆ ನುಗ್ಗಿದ್ದು ತೊಂದರೆಗೆ ಪರಿಹಾರವಾಗಿ. ಕೆಲವು ವೋಲ್ಟೇಜ್‌ಗಳಲ್ಲಿ ಹನಿಯ ಮೈ ತಾನಾಗಿ ಸುಳಿಯತೊಡಗಿ ವಿದ್ಯುತ್ ಲೆಕ್ಕಕ್ಕೆ ಸಿಗದಷ್ಟು ಜಿಗಿಯುತ್ತಿತ್ತು. ಒಂದಿಷ್ಟು ಜೆಲಾಟಿನ್ ಅಥವಾ ಟ್ರೈಟಾನ್ ಹಾಕಿದರೆ ಹನಿಯ ಮೇಲೆ ತೆಳುಪೊರೆ ಹರಡಿ ಸುಳಿ ಅಡಗುತ್ತಿತ್ತು. ರೋಗಕ್ಕೆ ಮದ್ದಾಗಿ ಬಂದ ಪದಾರ್ಥವೇ ಆಮೇಲೆ ಅಧ್ಯಯನದ ವಸ್ತುವಾಯಿತು.

ಪೊರೆಯನ್ನು ಲೆಕ್ಕಕ್ಕೆ ಹಿಡಿದವರು ರಷ್ಯಾದ ಅಲೆಕ್ಸಾಂಡರ್ ಫ್ರುಮ್ಕಿನ್. ಒಡೆಸ್ಸಾದಲ್ಲಿ 1919ರಲ್ಲಿ ಇದೇ ವಿಷಯದ ಮೇಲೆ ಪ್ರಬಂಧ ಬರೆದು, ಮುಂದೆ ಮಾಸ್ಕೋದಲ್ಲಿ ಒಂದು ದೊಡ್ಡ ಪರಂಪರೆಯನ್ನೇ ಬೆಳೆಸಿದವರು. ಅವರ ಚಿತ್ರಣ ಸರಳವಾಗಿದೆ. ಲೋಹ ಒಂದು ತಟ್ಟೆ, ಎದುರಿನ ದ್ರಾವಣದಲ್ಲಿ ಸಾಲುಗಟ್ಟಿದ ಅಯಾನುಗಳು ಇನ್ನೊಂದು ತಟ್ಟೆ. ನಡುವಿನ ಅಂತರ ಒಂದು ನ್ಯಾನೋಮೀಟರಿಗಿಂತಲೂ ಕಡಿಮೆ. ಇದು ಕೆಪಾಸಿಟರ್ ಅಲ್ಲದೆ ಮತ್ತೇನು? ಬೋಳು ಪಾದರಸದ ಮೇಲೆ ಇದರ ಧಾರಕತೆ ಚದರ ಸೆಂಟಿಮೀಟರಿಗೆ ಹದಿನೆಂಟು ಮೈಕ್ರೋಫ್ಯಾರಡ್ ಆಸುಪಾಸು. ನಡುವೆ ಎಣ್ಣೆಬಾಲದ ಅಣುಗಳು ಬಂದು ಕೂತರೆ ತಟ್ಟೆಗಳ ಅಂತರ ಹೆಚ್ಚುತ್ತದೆ, ನಡುವಿನ ಪದಾರ್ಥವೂ ಬದಲಾಗುತ್ತದೆ. ಧಾರಕತೆ ನಾಲ್ಕೈದಕ್ಕೆ ಕುಸಿಯುತ್ತದೆ. ಅಳತೆಯಲ್ಲಿ 9 ಬಂತು ಅಂದುಕೊಳ್ಳಿ. ಬೋಳು ಮೈಯದು 18, ಪೂರ್ತಿ ಮುಚ್ಚಿದ್ದು 4.5 ಎಂದಾದರೆ ಮೂರನೇ ಎರಡು ಪಾಲು ಮೇಲ್ಮೈ ಮುಚ್ಚಿದೆ ಎಂದು ಲೆಕ್ಕ. ಸೂಕ್ಷ್ಮದರ್ಶಕವಿಲ್ಲ, ಕ್ಷಕಿರಣವಿಲ್ಲ. ಒಂದು ಹನಿ, ಒಂದಿಷ್ಟು ಪರ್ಯಾಯ ವಿದ್ಯುತ್, ಅಷ್ಟೇ.

ಫ್ರುಮ್ಕಿನ್ ಇನ್ನೊಂದು ವಿಷಯ ಗುರುತಿಸಿದರು. ಲೋಹದ ಮೈ ಎಂದೂ ಖಾಲಿ ಇರುವುದಿಲ್ಲ. ಅಲ್ಲಿ ಮೊದಲೇ ನೀರಿನ ಅಣುಗಳು ಕೂತಿರುತ್ತವೆ. ಸರ್ಫ್ಯಾಕ್ಟೆಂಟ್ ಬರಬೇಕಾದರೆ ಅವು ಏಳಬೇಕು. ಆ ಕಿರಿದಾದ ಅಂತರದಲ್ಲಿ ಒಂದು ವೋಲ್ಟ್ ಬಿದ್ದರೆ ಅಲ್ಲಿನ ವಿದ್ಯುತ್ ಕ್ಷೇತ್ರ ಸೆಂಟಿಮೀಟರಿಗೆ ಕೋಟಿ ವೋಲ್ಟ್ ಮುಟ್ಟುತ್ತದೆ. ಒಣಗಾಳಿ ಮೂವತ್ತು ಸಾವಿರಕ್ಕೇ ಕಿಡಿ ಹಾರಿಸುತ್ತದೆ. ಅಷ್ಟು ಪ್ರಬಲ ಕ್ಷೇತ್ರ ನೀರನ್ನು ತನ್ನತ್ತ ಜಗ್ಗಿಕೊಳ್ಳುತ್ತದೆ, ಎಣ್ಣೆಬಾಲವನ್ನು ಹೊರದಬ್ಬುತ್ತದೆ. ಆದ್ದರಿಂದ ವಿದ್ಯುದಂಶವಿಲ್ಲದ ಅಣು ಬಟ್ಟಲಿನ ನೆತ್ತಿಯ ಅಕ್ಕಪಕ್ಕ ಮಾತ್ರ ನೆಮ್ಮದಿಯಾಗಿ ಕೂರುತ್ತದೆ. ವೋಲ್ಟೇಜ್ ಅತ್ತ ಹೆಚ್ಚಾದರೂ ಇತ್ತ ಹೆಚ್ಚಾದರೂ ಎದ್ದು ಹೋಗುತ್ತದೆ. ಋಣ ತಲೆಯದಕ್ಕೆ ಧನ ಬದಿಯೂ ಧನ ತಲೆಯದಕ್ಕೆ ಋಣ ಬದಿಯೂ ಇನ್ನಷ್ಟು ಹಿಡಿಸುತ್ತದೆ. ಹೀಗೆ ಎದ್ದು ಹೋಗುವ ಕ್ಷಣದಲ್ಲಿ ಧಾರಕತೆಯ ನಕ್ಷೆಯ ಮೇಲೆ ಚೂಪಾದ ಶಿಖರ ಮೂಡುತ್ತದೆ. ಸಿಡ್ನಿ ವಿಶ್ವವಿದ್ಯಾಲಯದ ಬ್ರೇಯರ್ ಮತ್ತು ಹಕೋಬಿಯನ್ 1952ರಲ್ಲಿ ಈ ಶಿಖರಗಳನ್ನು ಓದುವ ವಿಧಾನಕ್ಕೆ ಟೆನ್ಸಮೆಟ್ರಿ ಎಂದು ಹೆಸರಿಟ್ಟರು.

ಬೆರಕೆಯ ವಿಚಾರದಲ್ಲಿ ಈ ಶಿಖರಗಳೇ ಸಾಕ್ಷಿ. ಎರಡು ಪದಾರ್ಥಗಳು ಕೈಜೋಡಿಸಿ ಒಂದೇ ಪೊರೆ ಕಟ್ಟಿದ್ದರೆ ಎರಡು ಶಿಖರಗಳು ಕರಗಿ ಒಂದಾಗುತ್ತವೆ, ಒಂಟಿಯಾಗಿದ್ದಾಗ ಎದ್ದು ಹೋಗುತ್ತಿದ್ದ ವೋಲ್ಟೇಜ್‌ಗಿಂತ ಆಚೆಗೆ ಸರಿಯುತ್ತವೆ. ಅಂದರೆ ಜೊತೆಯಾದ ಮೇಲೆ ಎಬ್ಬಿಸುವುದು ಕಷ್ಟವಾಗಿದೆ. ಕೈಜೋಡಿಸದಿದ್ದರೆ ಒಂದರದು ಉಳಿದು ಇನ್ನೊಂದರದು ಸೊರಗುತ್ತದೆ. ಆದರೆ ಫ್ರುಮ್ಕಿನ್‌ರ ಸರಳ ಲೆಕ್ಕ ಇಲ್ಲಿ ಕೈಕೊಡುತ್ತದೆ. ಧಾರಕತೆ ಒಂದೇ ಸಂಖ್ಯೆ, ತಿಳಿಯಬೇಕಾದದ್ದು ಎರಡು ಪಾಲು. ಒಂದು ಸಮೀಕರಣ, ಎರಡು ಅಜ್ಞಾತ. ಮೂರನೇ ಎರಡು ಪಾಲು ಮುಚ್ಚಿದೆ ಅಂತ ಗೊತ್ತು, ಮುಚ್ಚಿದ್ದು ಯಾರು ಅಂತ ಗೊತ್ತಿಲ್ಲ. ವಿದ್ಯುತ್ ರಸಾಯನದ ಅಳತೆ ಅಗ್ಗ, ಸೂಕ್ಷ್ಮ, ಚುರುಕು. ಅದಕ್ಕೆ ಹೆಸರು ಓದಲು ಮಾತ್ರ ಬರುವುದಿಲ್ಲ. ಹೆಸರು ಬೇಕಿದ್ದವರು ನ್ಯೂಟ್ರಾನ್‌ಗಳ ಹತ್ತಿರ ಹೋಗುತ್ತಾರೆ. ಎರಡರಲ್ಲಿ ಒಂದರ ಹೈಡ್ರೋಜನ್ ತೆಗೆದು ಡ್ಯುಟೀರಿಯಂ ಇಟ್ಟರೆ ನ್ಯೂಟ್ರಾನ್ ಕಣ್ಣಿಗೆ ಅವು ಬೇರೆ ಬೇರೆಯಾಗಿ ಕಾಣುತ್ತವೆ. ಅದಕ್ಕೆ ರಿಯಾಕ್ಟರ್ ಬೇಕು, ಇಲ್ಲವೇ ಭಾರೀ ವೇಗವರ್ಧಕ ಬೇಕು, ಸರದಿಯಲ್ಲಿ ತಿಂಗಳುಗಟ್ಟಲೆ ಕಾಯಬೇಕು.

ಇದಕ್ಕೂ ದೊಡ್ಡ ತಕರಾರು ಕಾಲದ್ದು. ಅಣುಗಳು ದ್ರಾವಣದಿಂದ ಮೇಲ್ಮೈಗೆ ತೆವಳಿಕೊಂಡೇ ಬರಬೇಕು, ಕಲಕದಿದ್ದರೆ ಇನ್ನೂ ನಿಧಾನ. ಸಾಮಾನ್ಯ ಸರ್ಫ್ಯಾಕ್ಟೆಂಟ್ ಲೀಟರಿಗೆ 1 ಮಿಲಿಮೋಲ್ ಇದ್ದರೆ ಮೇಲ್ಮೈ ತುಂಬಲು ಸೆಕೆಂಡಿನ ನೂರನೇ ಒಂದು ಭಾಗದಷ್ಟು ಸಾಕು. ನೂರು ಪಟ್ಟು ತೆಳುವಾಗಿದ್ದರೆ ಎರಡು ನಿಮಿಷ ದಾಟುತ್ತದೆ. ಇನ್ನೂ ಹತ್ತು ಪಟ್ಟು ತೆಳುವಾದರೆ ಸುಮಾರು ನಾಲ್ಕು ಗಂಟೆ. ಪ್ರಮಾಣ ಹತ್ತನೇ ಒಂದಾದರೆ ಕಾಯುವ ಹೊತ್ತು ನೂರು ಪಟ್ಟಾಗುತ್ತದೆ, ಇದು ವಿಸರಣೆಯ ನಿಯಮ. ಈಗ ಡೊಡೆಕನಾಲ್ ನೆನಪಿಸಿಕೊಳ್ಳಿ. ಎಸ್‌ಡಿಎಸ್ ಕಣ್ಣು ಮಿಟುಕಿಸುವುದರಲ್ಲಿ ಬಂದು ಕೂರುತ್ತದೆ. ಸಾವಿರಕ್ಕೊಂದರಷ್ಟಿರುವ ಡೊಡೆಕನಾಲ್ ನಿಮಿಷಗಳ ನಂತರ ಬಂದು ಅದನ್ನು ಎಬ್ಬಿಸುತ್ತದೆ. ಮೊದಲ ಸೆಕೆಂಡಿನಲ್ಲಿ ಅಳೆದವನಿಗೂ ಹತ್ತನೇ ನಿಮಿಷದಲ್ಲಿ ಅಳೆದವನಿಗೂ ಕಾಣುವುದು ಬೇರೆ ಬೇರೆ ಮೇಲ್ಮೈ. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ರಕ್ತಕ್ಕೂ ಈ ನಿಯಮ ತಪ್ಪಿದ್ದಲ್ಲ. ಗಾಜನ್ನು ರಕ್ತದ್ರವಕ್ಕೆ ಇಳಿಬಿಟ್ಟರೆ ಹೇರಳವಾಗಿರುವ ಅಲ್ಬುಮಿನ್ ಮೊದಲು ಅಂಟುತ್ತದೆ, ಆಮೇಲೆ ಫೈಬ್ರಿನೊಜೆನ್ ಅದರ ಜಾಗ ಕಸಿಯುತ್ತದೆ, ಕೊನೆಗೆ ಅದನ್ನೂ ಓಡಿಸುವ ಇನ್ನೊಂದು ಪ್ರೋಟೀನ್ ಬರುತ್ತದೆ. ಈ ಸರದಿಗೆ ಅದನ್ನು ಗುರುತಿಸಿದ ಲಿಯೋ ವ್ರೋಮನ್‌ರ ಹೆಸರೇ ಬಿದ್ದಿದೆ. ಹಾಲೆಂಡಿನಿಂದ ಅಮೆರಿಕಕ್ಕೆ ಹೋದ ಇವರು ಡಚ್ ಭಾಷೆಯ ಪ್ರಸಿದ್ಧ ಕವಿಯೂ ಹೌದು. ಕವಿಗೆ ಮೇಲ್ಮೈಯ ಜಗಳ ಕಂಡದ್ದರಲ್ಲಿ ನನಗೇನೂ ಆಶ್ಚರ್ಯವಿಲ್ಲ.

ಕಲಸಿದ್ದು ನಾವೇ ಆದರೆ ಏನು ಕಲಸಿದ್ದೇವೆ ಎಂದಾದರೂ ಗೊತ್ತಿರುತ್ತದೆ. ಸಮುದ್ರ ಕಲಸಿದ್ದು? ಪಾಚಿ, ಸತ್ತ ಜೀವಿ, ನದಿಯ ಕೊಳೆ, ಊರಿನ ಸಾಬೂನು ಎಲ್ಲವೂ ಸೇರಿ ಸಮುದ್ರದ ನೀರಿನ ನೆತ್ತಿಯ ಮೇಲೆ ಸದಾ ಒಂದು ತೆಳುಪೊರೆ ಇರುತ್ತದೆ. ಗಾಳಿಗೂ ಕಡಲಿಗೂ ನಡುವಣ ಅನಿಲಗಳ ಕೊಡುಕೊಳ್ಳುವಿಕೆಗೆ ಅದು ತಡೆಯೊಡ್ಡುತ್ತದೆ, ಹಾಗಾಗಿ ಹವಾಮಾನದ ಲೆಕ್ಕದಲ್ಲೂ ಅದಕ್ಕೊಂದು ಪಾತ್ರವಿದೆ. ಕ್ರೊಯೇಷಿಯಾದ ರಾಜಧಾನಿ ಝಾಗ್ರೆಬ್‌ನ ರುಜೆರ್ ಬೊಶ್ಕೊವಿಚ್ ಸಂಸ್ಥೆಯಲ್ಲಿ ಬೊಜೆನಾ ಚೊಸೊವಿಚ್ ಮತ್ತು ಜೊತೆಗಾರರು ದಶಕಗಳ ಕಾಲ ಏಡ್ರಿಯಾಟಿಕ್ ಸಮುದ್ರದ ನೀರನ್ನು ಪಾದರಸದ ಹನಿಯ ಮುಂದಿಟ್ಟು ಧಾರಕತೆ ಎಷ್ಟು ಕುಸಿಯುತ್ತದೆ ಎಂದು ನೋಡಿದರು. ನೀರಿನಲ್ಲಿರುವ ಸಾವಿರಾರು ಅಣುಗಳ ಹೆಸರು ಹಿಡಿಯುವ ಗೊಡವೆಗೆ ಅವರು ಹೋಗಲಿಲ್ಲ. ಇಷ್ಟೇ ಕುಸಿತ ತರಲು ಎಷ್ಟು ಮಿಲಿಗ್ರಾಂ ಟ್ರೈಟಾನ್ ಬೇಕು, ಅದನ್ನೇ ಈ ನೀರಿನ ಮೇಲ್ಮೈ ಸಕ್ರಿಯತೆ ಎಂದು ಬರೆದರು. ಲೆಕ್ಕ ಒರಟು ಅನ್ನಿಸಬಹುದು. ನನಗೆ ಅದು ಈ ಕ್ಷೇತ್ರದ ಅತ್ಯಂತ ಪ್ರಾಮಾಣಿಕ ಅಳತೆಗಳಲ್ಲೊಂದು ಅನ್ನಿಸುತ್ತದೆ, ಏಕೆಂದರೆ ತನಗೆ ಕಾಣದ್ದನ್ನು ಕಂಡೆನೆಂದು ಅದು ಹೇಳುವುದಿಲ್ಲ.

ಪಾದರಸದ ಕಾಲ ಈಗ ಮುಗಿಯುತ್ತ ಬಂದಿದೆ. ಪಾದರಸದ ಬಳಕೆಗೆ ಕಡಿವಾಣ ಹಾಕುವ ಮಿನಮಾಟಾ ಒಪ್ಪಂದ 2017ರಲ್ಲಿ ಜಾರಿಗೆ ಬಂದ ಮೇಲೆ ಪ್ರಯೋಗಾಲಯಗಳೂ ಅದನ್ನು ಬದಿಗಿಡುತ್ತಿವೆ. ಚಿನ್ನದ ಏಕಸ್ಫಟಿಕಗಳು ಆ ಜಾಗಕ್ಕೆ ಬಂದಿವೆ. ಕೆನಡಾದ ಗ್ವೆಲ್ಫ್ ವಿಶ್ವವಿದ್ಯಾಲಯದ ಯಾಚೆಕ್ ಲಿಪ್‌ಕೊವ್‌ಸ್ಕಿ ಬಳಗ ಎಸ್‌ಡಿಎಸ್ ದ್ರಾವಣದಲ್ಲಿ ಮುಳುಗಿಸಿದ ಚಿನ್ನವನ್ನು ಅತಿಸೂಕ್ಷ್ಮ ಮೊನೆಯಿಂದ ತಡವಿ ನೋಡಿತು. ಅಣುಗಳು ಹಾಸಿನಂತೆ ಹರಡಿರಲಿಲ್ಲ, ಸೀಳಿದ ಕೊಳವೆಗಳನ್ನು ಸಾಲಾಗಿ ಬೋರಲು ಹಾಕಿದಂತೆ ಪಟ್ಟೆಪಟ್ಟೆಯಾಗಿದ್ದವು. ಚಿನ್ನವನ್ನು ಹೆಚ್ಚು ಧನವಾಗಿಸಿದಾಗ ಪಟ್ಟೆಗಳು ಅಳಿಸಿ ಒತ್ತಾದ ಪೊರೆಯಾಯಿತು. ಗ್ರ್ಯಾಫೈಟ್ ಮೇಲೆ ಅದೇ ಎಸ್‌ಡಿಎಸ್‌ಗೆ ಡೊಡೆಕನಾಲ್ ಬೆರೆಸಿದರೂ ಪಟ್ಟೆಗಳು ಚಪ್ಪಟೆಯಾಗುತ್ತವೆ. ಒಂದು ಕಡೆ ವೋಲ್ಟೇಜ್ ಮಾಡಿದ ಕೆಲಸವನ್ನು ಇನ್ನೊಂದು ಕಡೆ ಬೆರಕೆ ಮಾಡಿತು.

ಇದೆಲ್ಲ ಕುತೂಹಲದ ಮಾತಾಯಿತು, ದುಡ್ಡಿನ ಮಾತಿಗೆ ಬರೋಣ. ಉಕ್ಕಿನ ಮೇಲಿನ ಕಿಟ್ಟ ತೆಗೆಯಲು ಕಾರ್ಖಾನೆಗಳು ಅದನ್ನು ಆಮ್ಲದಲ್ಲಿ ಅದ್ದುತ್ತವೆ. ಕಿಟ್ಟದ ಜೊತೆ ಉಕ್ಕೂ ಕರಗದಂತೆ ತಡೆಯಲು ಆಮ್ಲಕ್ಕೆ ಸರ್ಫ್ಯಾಕ್ಟೆಂಟ್ ಜಾತಿಯ ತಡೆಕಾರಿಗಳನ್ನು ಹಾಕುತ್ತಾರೆ. ಇಲ್ಲೊಂದು ವಿಚಿತ್ರ. ಸಲ್ಫ್ಯೂರಿಕ್ ಆಮ್ಲದಲ್ಲಿ ಉಕ್ಕಿನ ಮೈ ಧನ, ಆದ್ದರಿಂದ ಧನ ತಲೆಯ ಅಮೋನಿಯಂ ಸರ್ಫ್ಯಾಕ್ಟೆಂಟ್ ಹತ್ತಿರ ಸುಳಿಯದು. ಚಿಟಿಕೆ ಪೊಟ್ಯಾಸಿಯಂ ಅಯೊಡೈಡ್ ಹಾಕಿ, ಅದೇ ಸರ್ಫ್ಯಾಕ್ಟೆಂಟ್ ಓಡೋಡಿ ಬಂದು ಪೊರೆ ಕಟ್ಟುತ್ತದೆ. ನಡೆದದ್ದೇನೆಂದರೆ, ಊರಿಗೆ ಹೋಗುವ ಬಸ್ಸಿನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತೇವಲ್ಲ, ಅಯೊಡೈಡ್ ಆ ಟವೆಲ್ಲು. ಋಣವಾದ ಅದು ಮೊದಲು ಉಕ್ಕಿನ ಮೇಲೆ ಬೀಳುತ್ತದೆ, ಧನ ತಲೆಯದು ಬಂದು ಅದರ ಮೇಲೆ ಕೂರುತ್ತದೆ. ಫ್ರುಮ್ಕಿನ್ ಬಳಗದ ಝಡ್. ಎ. ಐಯೋಫಾ ಇದನ್ನು ವಿಸ್ತಾರವಾಗಿ ಅಧ್ಯಯನ ಮಾಡಿದರು. ಅರಮಾಕಿ ಮತ್ತು ಹ್ಯಾಕರ್‌ಮನ್ 1969ರಲ್ಲಿ ಈ ಕೂಡುಬಲವನ್ನು ಅಳೆಯುವ ಸೂಚ್ಯಂಕ ಕೊಟ್ಟರು. ಅದು ಒಂದಕ್ಕಿಂತ ಮೇಲಿದ್ದರೆ ಇಬ್ಬರೂ ಸೇರಿ ಮಾಡಿದ ಕೆಲಸ ಬಿಡಿಬಿಡಿಯಾಗಿ ಮಾಡಿದ್ದಕ್ಕಿಂತ ಹೆಚ್ಚು.

ಅಂದಿನಿಂದ ಈ ಜಾಡಿನಲ್ಲಿ ಪ್ರಬಂಧಗಳ ಹೊಳೆಯೇ ಹರಿದಿದೆ, ನಮ್ಮ ದೇಶದಿಂದಲೂ ಧಾರಾಳವಾಗಿ. ಬಹಳಷ್ಟರ ಅಚ್ಚು ಒಂದೇ. ಇಷ್ಟು ಪ್ರಮಾಣಕ್ಕೆ ಶೇಕಡಾ ಇಷ್ಟು ರಕ್ಷಣೆ, ಅದನ್ನೇ ಮುಚ್ಚಿದ ಪಾಲು ಎಂದು ಹಿಡಿದು, ಪ್ರಮಾಣಕ್ಕೂ ಮುಚ್ಚಿದ ಪಾಲಿಗೂ ಇರುವ ನಂಟು ಹೇಳುವ ಲ್ಯಾಂಗ್‌ಮ್ಯೂರ್ ನಿಯಮದ ನೇರ ಗೆರೆ, ಗೆರೆಯ ಪಕ್ಕದಲ್ಲಿ ಹೊಂದಿಕೆಯ ಗುಣಾಂಕ 0.999. ಓದುವವರಿಗೆ ಖುಷಿಯಾಗುತ್ತದೆ. ಆದರೆ ಆ ನಕ್ಷೆಯಲ್ಲಿ ಎಳೆಯುವುದು ಪ್ರಮಾಣವನ್ನು ಮುಚ್ಚಿದ ಪಾಲಿನಿಂದ ಭಾಗಿಸಿ ಮತ್ತೆ ಪ್ರಮಾಣದ ಎದುರಿಗೇ. ಪ್ರಮಾಣ ಒಂದರಿಂದ ಹತ್ತಕ್ಕೆ ಏರುವಾಗ ಮುಚ್ಚಿದ ಪಾಲು 0.80ರಿಂದ 0.95ಕ್ಕೆ ಏರಿದರೆ ಭಾಗಲಬ್ಧ 1.25ರಿಂದ 10.5 ಆಗುತ್ತದೆ. ನಡುವಿನ ಬೆಲೆಗಳನ್ನು ಚೀಟಿ ಎತ್ತಿ ಹಾಕಿದರೂ ಗೆರೆ ಹೆಚ್ಚುಕಡಿಮೆ ನೇರವೇ ಬರುತ್ತದೆ. ಪ್ರಮಾಣವನ್ನು ಪ್ರಮಾಣದ ಎದುರು ಎಳೆದರೆ ಇನ್ನೇನು ಬಂದೀತು? ಅಷ್ಟಕ್ಕೂ ಲ್ಯಾಂಗ್‌ಮ್ಯೂರ್ ನಿಯಮದ ಮೊದಲ ಷರತ್ತೇ ಅಕ್ಕಪಕ್ಕದ ಅಣುಗಳಿಗೆ ಪರಸ್ಪರ ಸಂಬಂಧವಿರಬಾರದು ಎಂಬುದು. ಎರಡು ಪದಾರ್ಥಗಳ ಸ್ನೇಹವನ್ನು ಸಾಬೀತು ಮಾಡಲು ಹೊರಟ ಪ್ರಬಂಧ ಸ್ನೇಹವೇ ಇಲ್ಲವೆನ್ನುವ ನಿಯಮವನ್ನು ಸಾಕ್ಷಿಗೆ ಕರೆಯುವುದು ವಿಚಿತ್ರ ನ್ಯಾಯ.

ಬೆರಕೆಯ ಮೇಲ್ಮೈಯನ್ನು ನಿಜಕ್ಕೂ ಅರ್ಥಮಾಡಿಕೊಂಡು ಲಾಭ ಪಡೆದದ್ದು ಕಂಪ್ಯೂಟರ್ ಚಿಪ್ ಉದ್ಯಮ. ಚಿಪ್‌ಗಳೊಳಗಿನ ಅಲ್ಯೂಮಿನಿಯಂ ತಂತಿಗಳ ಬದಲು ತಾಮ್ರ ಹಾಕುವುದಾಗಿ ಐಬಿಎಂ 1997ರಲ್ಲಿ ಪ್ರಕಟಿಸಿತು. ಕೂದಲೆಳೆಗಿಂತ ನೂರಾರು ಪಟ್ಟು ಕಿರಿದಾದ ಕಾಲುವೆಗಳಿಗೆ ವಿದ್ಯುಲ್ಲೇಪನದಿಂದ ತಾಮ್ರ ತುಂಬಬೇಕು. ಸುಮ್ಮನೆ ತುಂಬಿದರೆ ಬಾಯಿ ಮೊದಲು ಮುಚ್ಚಿ ಹೊಟ್ಟೆಯಲ್ಲಿ ಟೊಳ್ಳು ಉಳಿಯುತ್ತದೆ. ಬೇಕಾದದ್ದು ತಳದಿಂದ ಮೇಲಕ್ಕೆ ತುಂಬುವುದು. ಅದಕ್ಕೆ ಮೂರು ಪದಾರ್ಥಗಳ ಬೆರಕೆ: ಪಾಲಿಎಥಿಲೀನ್ ಗ್ಲೈಕಾಲ್, ಒಂದಿಷ್ಟು ಕ್ಲೋರೈಡ್, ಮತ್ತು ಎಸ್‌ಪಿಎಸ್ ಎಂಬ ಗಂಧಕದ ಸಂಯುಕ್ತ. ಮೊದಲನೆಯದೂ ಎರಡನೆಯದೂ ಒಟ್ಟಾಗಿ ತಾಮ್ರದ ಮೈ ಮುಚ್ಚಿ ಲೇಪನಕ್ಕೆ ತಡೆ ಹಾಕುತ್ತವೆ. ಒಂಟಿಯಾಗಿ ಗ್ಲೈಕಾಲ್‌ಗೆ ಅಷ್ಟು ಶಕ್ತಿಯಿಲ್ಲ. ಎಸ್‌ಪಿಎಸ್ ನಿಧಾನವಾಗಿ ಬಂದು ಗ್ಲೈಕಾಲನ್ನು ಎಬ್ಬಿಸಿ ಲೇಪನಕ್ಕೆ ವೇಗ ಕೊಡುತ್ತದೆ. ವೋಲ್ಟೇಜನ್ನು ಒಂದು ದಿಕ್ಕಿಗೆ ಏರಿಸಿ ಮತ್ತೆ ಇಳಿಸಿದರೆ ವಿದ್ಯುತ್ತಿನ ನಕ್ಷೆಯಲ್ಲಿ ಹೋದ ದಾರಿಯ ಗೆರೆಯೂ ಬಂದ ದಾರಿಯ ಗೆರೆಯೂ ಕೂಡುವುದಿಲ್ಲ, ನಡುವೆ ಅಗಲ ಕಂದಕ ಬೀಳುತ್ತದೆ. ಆ ಕಂದಕವೇ ಎಬ್ಬಿಸುವಿಕೆಗೆ ಹಿಡಿಯುವ ಕಾಲದ ಗುರುತು.

ಅಮೆರಿಕದ ಮಾನಕ ಸಂಸ್ಥೆ ಎನ್ಐಎಸ್‌ಟಿಯ ಥಾಮಸ್ ಮೊಫಾಟ್, ಡೇನಿಯಲ್ ಜೊಸೆಲ್ ಮುಂತಾದವರು ಇದನ್ನು ಹಿಡಿದು ಲೆಕ್ಕ ಬಿಡಿಸಿದರು. ಕಾಲುವೆಯ ತಳದ ಮೂಲೆಗಳು ತುಂಬುತ್ತ ಬಂದಂತೆ ಅಲ್ಲಿನ ಮೇಲ್ಮೈ ಕುಗ್ಗುತ್ತದೆ. ಎಸ್‌ಪಿಎಸ್ ಲೋಹಕ್ಕೆ ಗಟ್ಟಿಯಾಗಿ ಅಂಟಿಕೊಂಡು ಮೇಲೆ ಮೇಲೆ ತೇಲಿ ಬರುತ್ತದೆಯೇ ಹೊರತು ಬಿಟ್ಟು ಹೋಗುವುದಿಲ್ಲ. ಜಾಗ ಕುಗ್ಗಿದಂತೆ ಅದರ ಸಾಂದ್ರತೆ ಹೆಚ್ಚುತ್ತದೆ, ಗ್ಲೈಕಾಲ್ ಜಾಗ ಬಿಡುತ್ತದೆ, ತಳ ಇನ್ನೂ ಬೇಗ ಬೆಳೆಯುತ್ತದೆ. ಸಮತಟ್ಟಾದ ಲೋಹದ ತುಂಡಿನ ಮೇಲೆ ಅಳೆದ ಆ ಕಂದಕದಿಂದ ಕಾಲುವೆ ಹೇಗೆ ತುಂಬುತ್ತದೆ ಎಂದು ಮುಂಚಿತವಾಗಿ ಹೇಳಲು ಸಾಧ್ಯವಾಯಿತು. ಯಾರು ಎಷ್ಟು ಬಲವಾಗಿ ಅಂಟುತ್ತಾರೆ ಎಂಬುದರ ಜೊತೆಗೆ ಯಾರು ಯಾವಾಗ ಬರುತ್ತಾರೆ ಎಂಬುದನ್ನೂ ಲೆಕ್ಕಕ್ಕೆ ಹಿಡಿದದ್ದರ ಫಲ ಇದು.

ಬೆಂಗಳೂರಿನ ಪೀಣ್ಯದಂಥ ಕಡೆ ನಿಕ್ಕೆಲ್ ಪ್ಲೇಟಿಂಗ್ ಮಾಡುವವರಿಗೆ ಇದೇ ಸತ್ಯ ಬೇರೆ ಭಾಷೆಯಲ್ಲಿ ಗೊತ್ತು. ನಿಕ್ಕೆಲ್ ತೊಟ್ಟಿಗೆ ಸ್ಯಾಕರೀನ್ ಬೀಳುತ್ತದೆ, ಲೇಪನದ ಬಿಗಿತ ತಗ್ಗಲು. ಹೌದು, ಸಕ್ಕರೆ ಕಾಯಿಲೆಯವರ ಅದೇ ಸ್ಯಾಕರೀನ್. ಹೊಳಪಿಗೆ ಬ್ಯೂಟೈನ್‌ಡೈಆಲ್. ಹೈಡ್ರೋಜನ್ ಗುಳ್ಳೆ ಅಂಟಿಕೊಂಡು ಲೇಪನದಲ್ಲಿ ಕುಳಿ ಬೀಳದಿರಲು ಸೋಡಿಯಂ ಲಾರಿಲ್ ಸಲ್ಫೇಟ್, ಅಂದರೆ ನಮ್ಮ ಎಸ್‌ಡಿಎಸ್‌ನ ವ್ಯಾಪಾರಿ ಅವತಾರ. ಹೊಳಪು ಕೆಟ್ಟಾಗ 267 ಮಿಲಿಲೀಟರಿನ ಹಲ್ ಸೆಲ್ ಎಂಬ ಪರೀಕ್ಷಾ ತೊಟ್ಟಿಯಲ್ಲಿ ಓರೆಯಾಗಿ ನಿಲ್ಲಿಸಿದ ತಗಡಿಗೆ ಲೇಪಿಸಿ ಒಂದೇ ನೋಟದಲ್ಲಿ ಯಾವುದು ಹೆಚ್ಚಾಗಿದೆ, ಯಾವುದು ಕಡಿಮೆ ಎಂದು ಅನುಭವಸ್ಥರು ಹೇಳುತ್ತಾರೆ. ಪೂರಾ ಹದಗೆಟ್ಟರೆ ಇದ್ದಿಲಿನ ಪುಡಿ ಹಾಕಿ ಎಲ್ಲವನ್ನೂ ಹೀರಿ ತೆಗೆದು ಮೊದಲಿನಿಂದ ಬೆರಕೆ ಕಟ್ಟುತ್ತಾರೆ.

ಶಿವಮೊಗ್ಗ ಜಿಲ್ಲೆಯ ಶಂಕರಘಟ್ಟದಲ್ಲಿರುವ ಕುವೆಂಪು ವಿಶ್ವವಿದ್ಯಾಲಯದಲ್ಲಿ ಇನ್ನೊಂದು ಬಗೆಯ ಕೆಲಸ ನಡೆದಿದೆ. ಗ್ರ್ಯಾಫೈಟ್ ಪುಡಿಯನ್ನು ಸಿಲಿಕೋನ್ ಎಣ್ಣೆಯಲ್ಲಿ ಕಲಸಿ ಮಾಡಿದ ಎಲೆಕ್ಟ್ರೋಡಿನ ಮೇಲೆ ಎಸ್‌ಡಿಎಸ್, ಸಿಟಿಎಬಿ, ಟ್ರೈಟಾನ್‌ಗಳನ್ನು ಕೂರಿಸಿ ಮಿದುಳಿನ ಡೋಪಮೈನ್ ಅನ್ನು ಅಳೆಯುವುದು. ಮೈಯೊಳಗೆ ಡೋಪಮೈನ್ ಜೊತೆಗೆ ಸಿ ಜೀವಸತ್ವವೂ ಇರುತ್ತದೆ, ಬೋಳು ಎಲೆಕ್ಟ್ರೋಡಿಗೆ ಎರಡರ ಗುರುತೂ ಒಂದೇ ಕಡೆ ಬೀಳುತ್ತದೆ. ಡೋಪಮೈನ್ ಧನ, ಸಿ ಜೀವಸತ್ವ ಋಣ. ಎಸ್‌ಡಿಎಸ್‌ನ ಋಣ ಹಾಸು ಒಂದನ್ನು ಕರೆದು ಇನ್ನೊಂದನ್ನು ದೂರವಿಡುತ್ತದೆ. ದುಬಾರಿ ಲೋಹವಿಲ್ಲದೆ ಆಗುವ ಕೆಲಸ ಇದು, ನಮ್ಮ ವಿಶ್ವವಿದ್ಯಾಲಯಗಳ ಜೇಬಿಗೆ ಒಗ್ಗುವಂಥದ್ದು.

ಬೆರಕೆಯ ಮೇಲ್ಮೈ ಅಳೆಯಲು ಹೊರಟಿರುವ ಎಂಎಸ್ಸಿ, ಪಿಎಚ್‌ಡಿ ವಿದ್ಯಾರ್ಥಿಗಳಿಗೂ ಅವರ ಮಾರ್ಗದರ್ಶಕರಿಗೂ ಒಂದು ಮನವಿ. ಲೋಹಕ್ಕೆ ಶೇಕಡಾ ತೊಂಬತ್ತೈದು ರಕ್ಷಣೆ ಎಂಬ ಸಂಖ್ಯೆಯ ಪಕ್ಕದಲ್ಲಿ ಧಾರಕತೆ ವೋಲ್ಟೇಜ್ ಜೊತೆ ಹೇಗೆ ಬದಲಾಗುತ್ತದೆ ಎಂಬ ನಕ್ಷೆಯನ್ನೂ ಕೊಡಿ. ಎರಡು ಪದಾರ್ಥಗಳನ್ನು ಬಿಡಿಯಾಗಿಯೂ ಜೊತೆಯಾಗಿಯೂ ಅಳೆಯಿರಿ, ಹಾಕುವ ಕ್ರಮ ಅದಲುಬದಲು ಮಾಡಿ ಇನ್ನೊಮ್ಮೆ ನೋಡಿ. ಕೊಂಡ ಎಸ್‌ಡಿಎಸ್ ಅನ್ನು ಮರುಸ್ಫಟಿಕೀಕರಿಸದೆ ಬಳಸಬೇಡಿ. ಅದ್ದಿದ ಹತ್ತನೇ ನಿಮಿಷದ ಅಳತೆಯ ಜೊತೆ ಒಂದು ಗಂಟೆಯದೂ ಮರುದಿನ ಬೆಳಗ್ಗೆಯದೂ ಇರಲಿ. ಇದಕ್ಕೆ ಹೊಸ ಉಪಕರಣವೇನೂ ಬೇಡ, ಈಗಿರುವ ಪೊಟೆನ್ಶಿಯೊಸ್ಟ್ಯಾಟೇ ಸಾಕು.